ಗುಳೇದಗುಡ್ಡಕ್ಕೊಂದು ಮುಕ್ತ ರೋವರ್ ದಳ ಬೇಕು

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ರಾಜ್ಯ ಪುರಸ್ಕಾರ ಪಡೆದ ಸ್ಕೌಟ್ಸ್ ಮತ್ತು ಗೈಡ್ಸ್ ಮಕ್ಕಳ ಚಿತ್ರ ಪ್ರಕಟವಾಗಿತ್ತು. ಕೊರಳಲ್ಲಿ ಸ್ಕಾರ್ಫ್, ಕೈಯಲ್ಲಿ ರಾಜ್ಯಪಾಲರ ಸಹಿಯ ಪ್ರಮಾಣಪತ್ರ, ಹಿಂದೆ ನಿಂತ ತಂದೆ ತಾಯಿಯರ ಮುಖದಲ್ಲಿ ಮಕ್ಕಳಿಗಿಂತ ದೊಡ್ಡ ಸಂತೋಷ. ಆ ಚಿತ್ರವನ್ನು ಕತ್ತರಿಸಿ ಡೈರಿಯೊಳಗೆ ಇಟ್ಟುಕೊಂಡಿದ್ದೇನೆ. 1993ರಿಂದ 2021ರಲ್ಲಿ ನಿವೃತ್ತನಾಗುವವರೆಗೆ ಗುಳೇದಗುಡ್ಡದ ಪ್ರೌಢಶಾಲೆಯೊಂದರಲ್ಲಿ ಸ್ಕೌಟ್ ಮಾಸ್ಟರ್ ಆಗಿದ್ದವನು ನಾನು. ಇಂಥ ಚಿತ್ರ ಕಂಡರೆ ಇಂದಿಗೂ ಕಣ್ಣು ತುಂಬುತ್ತದೆ. ಆದರೆ ಎರಡನೇ ಸಲ ನೋಡುವಾಗ ಮಕ್ಕಳ ವಯಸ್ಸನ್ನು ಲೆಕ್ಕ ಹಾಕಿದೆ. ಹದಿನಾರು ದಾಟಿದ ಒಂದು ಮುಖವೂ ಅದರಲ್ಲಿ ಇರಲಿಲ್ಲ. ಇಪ್ಪತ್ತು, ಇಪ್ಪತ್ತೆರಡು ವರ್ಷದ ಯುವಕ ಯುವತಿಯರು ಅದೇ ಸಾಲಿನಲ್ಲಿ ನಿಂತ ಚಿತ್ರವನ್ನು ನಮ್ಮ ಬಾಗಲಕೋಟೆ ಜಿಲ್ಲೆಯ ಪುಟದಲ್ಲಿ ನೋಡಿದ ನೆನಪು ನನಗಿಲ್ಲ. ಈ ಪತ್ರ ಆ ಇಲ್ಲದ ಚಿತ್ರದ ಬಗ್ಗೆ.

ಸ್ಕೌಟ್ ಎಂದರೆ ಶಾಲೆಯ ಮಕ್ಕಳ ಚಟುವಟಿಕೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ಅರ್ಧ ಸತ್ಯ ಮಾತ್ರ. ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯಲ್ಲಿ ಚಿಕ್ಕ ಮಕ್ಕಳಿಗೆ ಕಬ್ ಮತ್ತು ಬುಲ್‌ಬುಲ್, ಪ್ರೌಢಶಾಲೆಯವರಿಗೆ ಸ್ಕೌಟ್ ಮತ್ತು ಗೈಡ್ ಇರುವಂತೆಯೇ, ಅದನ್ನು ದಾಟಿದವರಿಗೆ 25 ವರ್ಷದವರೆಗೆ ರೋವರ್ ಮತ್ತು ರೇಂಜರ್ ಎಂಬ ವಿಭಾಗ ಇದೆ. ಯುವಕರಿಗೆ ರೋವರ್ ದಳ, ಯುವತಿಯರಿಗೆ ರೇಂಜರ್ ತಂಡ. ಇದು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಹುಡುಗರ ಮೊದಲ ಶಿಬಿರ ನಡೆಸಿದರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಆ ಹುಡುಗರು ಬೆಳೆದು ನಿಂತಿದ್ದರು. ಅವರನ್ನು ಮನೆಗೆ ಕಳುಹಿಸಬಾರದೆಂದೇ 1918ರಲ್ಲಿ ರೋವರ್ ವಿಭಾಗ ತೆರೆದರು. ಸ್ಕೌಟ್‌ನ ಧ್ಯೇಯವಾಕ್ಯ ‘ಸಿದ್ಧನಾಗಿರು’. ರೋವರ್‌ನ ಧ್ಯೇಯ ಒಂದೇ ಪದ: ‘ಸೇವೆ’. ಮೊದಲನೆಯದು ಎರಡನೆಯದಕ್ಕಾಗಿ ಇರುವುದು. ನಾವು ಮಕ್ಕಳನ್ನು ಸಿದ್ಧ ಮಾಡುತ್ತೇವೆ, ಅವರು ಕೆಲಸಕ್ಕೆ ಬರುವ ವಯಸ್ಸಿಗೆ ಸರಿಯಾಗಿ ಕೈಬಿಡುತ್ತೇವೆ.

ಸ್ಕೌಟ್‌ಗೆ ಪ್ರಥಮ, ದ್ವಿತೀಯ, ತೃತೀಯ ಸೋಪಾನಗಳಿರುವ ಹಾಗೆ ರೋವರ್‌ಗೂ ಮೆಟ್ಟಿಲುಗಳಿವೆ. ಪ್ರವೇಶ, ಪ್ರವೀಣ, ನಿಪುಣ, ಆಮೇಲೆ ರಾಜ್ಯ ಪುರಸ್ಕಾರ, ತುದಿಯಲ್ಲಿ ರಾಷ್ಟ್ರಪತಿ ಪ್ರಶಸ್ತಿ. ಹತ್ತನೇ ತರಗತಿಯಲ್ಲಿ ರಾಜ್ಯ ಪುರಸ್ಕಾರ ಪಡೆದ ಮಗುವಿಗೆ ಇನ್ನು ಹತ್ತಲು ಏನೂ ಉಳಿದಿಲ್ಲ ಎಂದು ಶಾಲೆಗಳಲ್ಲಿ ಭಾವಿಸುತ್ತಾರೆ. ನಿಜವಾಗಿ ಇನ್ನೊಂದು ಇಡೀ ಏಣಿ ಅಲ್ಲಿಂದ ಶುರುವಾಗುತ್ತದೆ, ಮತ್ತು ಅದನ್ನು ಹತ್ತಲು ಎಂಟೊಂಬತ್ತು ವರ್ಷಗಳ ಅವಕಾಶ ಇದೆ.

ನಾನು ಕೊಂಡಜ್ಜಿಯ ಸ್ಕೌಟ್ ತರಬೇತಿ ಕೇಂದ್ರದಲ್ಲಿ ಕಲಿತು ಬಂದವನು. ಆಮೇಲೆ ಸ್ಕೌಟ್ ನಾಯಕರ ಉನ್ನತ ತರಬೇತಿಯಾದ ಹಿಮಾಲಯ ವುಡ್ ಬ್ಯಾಡ್ಜ್ ಕೂಡ ಆಯಿತು. ತೊಗಲಿನ ದಾರಕ್ಕೆ ಪೋಣಿಸಿದ ಆ ಎರಡು ಮರದ ಮಣಿಗಳು ಈಗಲೂ ನನ್ನ ಮೇಜಿನ ಮೇಲಿವೆ. ಆದರೂ 28 ವರ್ಷಗಳಲ್ಲಿ ಒಮ್ಮೆಯೂ ರೋವರ್ ದಳ ಕಟ್ಟುವ ಯೋಚನೆ ಮಾಡಲಿಲ್ಲ. ಪ್ರತಿ ವರ್ಷ ಮಾರ್ಚ್ ತಿಂಗಳಲ್ಲಿ ಹತ್ತನೇ ತರಗತಿಯ ಹುಡುಗರೊಂದಿಗೆ ಗುಂಪಿನ ಚಿತ್ರ ತೆಗೆಸಿಕೊಂಡು ಬೀಳ್ಕೊಡುತ್ತಿದ್ದೆ. ಅದು ನನ್ನ ದೊಡ್ಡ ಲೋಪ, ಮುಚ್ಚಿಡುವುದಿಲ್ಲ. ನನ್ನ ಕಣ್ಣು ತೆರೆಸಿದ್ದು 2019ರ ಆಗಸ್ಟ್.

ಆ ಆಗಸ್ಟ್‌ನಲ್ಲಿ ನಮ್ಮ ಜಿಲ್ಲೆಗೆ ಬಂದ ಪ್ರವಾಹವನ್ನು ಯಾರೂ ಮರೆತಿಲ್ಲ. ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನುಗ್ಗಿದ್ದಳು. ದಂಡೆಯ ಒಂದು ಊರಿನ ಜನ ಎತ್ತರದಲ್ಲಿದ್ದ ಶಾಲೆಯೊಂದರಲ್ಲಿ ಆಶ್ರಯ ಪಡೆದಿದ್ದಾರೆ, ಅಲ್ಲಿ ಕೆಲಸಕ್ಕೆ ಜನ ಸಾಲದು ಎಂದು ಆ ಶಾಲೆಯ ಶಿಕ್ಷಕ ಮಿತ್ರರು ರಾತ್ರಿ ಹತ್ತಕ್ಕೆ ಫೋನ್ ಮಾಡಿದರು. ನನ್ನ ಸ್ಕೌಟ್ ದಳದಲ್ಲಿದ್ದವರು ಆಗ ಎಂಟು ಮತ್ತು ಒಂಬತ್ತನೇ ತರಗತಿಯ ಮಕ್ಕಳು. ಅವರನ್ನು ನೀರಿನ ಬಾಯಿಗೆ ಕರೆದುಕೊಂಡು ಹೋಗುವ ಹಾಗಿರಲಿಲ್ಲ. ಹಳೆಯ ಹುಡುಗರ ಸಂಖ್ಯೆಗಳಿಗೆ ಕರೆ ಮಾಡತೊಡಗಿದೆ. ಬೆಳಗಿನ ಜಾವ ಐದೂವರೆಗೆ ಬಸ್ ನಿಲ್ದಾಣದಲ್ಲಿ ಹನ್ನೊಂದು ಮಂದಿ ನಿಂತಿದ್ದರು. ಇಬ್ಬರು ಪದವಿ ಓದುತ್ತಿದ್ದವರು, ಒಬ್ಬ ಔಷಧ ಅಂಗಡಿಯಲ್ಲಿ ಕೆಲಸಕ್ಕಿದ್ದವನು, ಒಬ್ಬ ಟಂಟಂ ಓಡಿಸುವವನು, ಇನ್ನೊಬ್ಬ ಎಲೆಕ್ಟ್ರಿಷಿಯನ್. ಉಳಿದ ಆರೂ ಮಂದಿ ಮಗ್ಗದವರು. ಮೂವರು ಹಳೆಯ ಸ್ಕಾರ್ಫ್ ಹಾಕಿಕೊಂಡು ಬಂದಿದ್ದರು. ಹಾಕಿಕೊಂಡು ಬನ್ನಿ ಎಂದು ನಾನು ಹೇಳಿರಲಿಲ್ಲ.

ಐದು ದಿನ ಅವರು ಅಲ್ಲಿದ್ದರು. ಶಾಲೆಯ ಅಂಗಳದಲ್ಲಿ ತಾಡಪತ್ರಿ ಕಟ್ಟಿ ಅಡುಗೆಗೆ ಮರೆ ಮಾಡಿದರು. ಕಂಬಕ್ಕೆ ಕ್ಲೋವ್ ಹಿಚ್ ಎಂಬ ಗಂಟು ಹಾಕಿ ಎಳೆದು ಬಿಗಿದ ಹಗ್ಗ, ಆ ಗಾಳಿಯಲ್ಲೂ ಎರಡು ರಾತ್ರಿ ಕದಲಲಿಲ್ಲ. ಗಂಡಸರಿಗೊಂದು, ಹೆಂಗಸರಿಗೊಂದು ಎಂದು ಎರಡು ಕಡೆ ಶೌಚಕ್ಕೆ ತಗ್ಗು ತೋಡಿ, ಗೋಣಿಚೀಲದ ಮರೆ ಕಟ್ಟಿ, ಪ್ರತಿ ಸಲ ಮಣ್ಣು ಮುಚ್ಚಲು ಒಂದು ಸಲಿಕೆ ಇಟ್ಟರು. ಮೂರನೇ ದಿನ ಮಕ್ಕಳಿಗೆ ಭೇದಿ ಶುರುವಾಯಿತು. ಆರೋಗ್ಯ ಕೇಂದ್ರದವರು ಬಂದು ತಲುಪುವ ಮೊದಲೇ ಔಷಧ ಅಂಗಡಿಯ ಹುಡುಗ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಎಂದು ಅಳತೆ ಮಾಡಿ ಕಲಸಿ, ತಾಯಂದಿರಿಗೆ ಕಲಿಸಿ, ಯಾವ ಮಗು ಎಷ್ಟು ಕುಡಿಯಿತು ಎಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದ. ಎಂಟನೇ ತರಗತಿಯಲ್ಲಿ ನಾನೇ ಕಲಿಸಿದ ಪಾಠ ಅದು. ಕಲಿಸಿದ್ದನ್ನು ನಾನು ಮರೆತಿದ್ದೆ, ಅವನು ಮರೆತಿರಲಿಲ್ಲ.

ನಡೆಯಲಾಗದ ಒಬ್ಬ ಮುದುಕಿಯನ್ನು ಕೆಸರು ದಾಟಿಸಬೇಕಾಗಿತ್ತು. ಮಗ್ಗದ ಹುಡುಗರು ಎರಡು ಬಿದಿರಿನ ಗಳಗಳನ್ನು ಎರಡು ಗೋಣಿಚೀಲಗಳಲ್ಲಿ ತೂರಿಸಿ ಸ್ಟ್ರೆಚರ್ ಮಾಡಿ, ನಾಲ್ವರು ಹೆಜ್ಜೆ ಕೂಡಿಸಿ ಹೊತ್ತು ತಂದರು. ಸುತ್ತಲಿನ ಊರುಗಳಿಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಗಂಟು ಗಂಟಾಗಿ ಬರುತ್ತಿತ್ತು. ಯಾವ ಊರಿನಿಂದ ಎಷ್ಟು ಬಂತು, ಯಾವ ಕೋಣೆಗೆ ಎಷ್ಟು ಹೋಯಿತು ಎಂಬ ಲೆಕ್ಕ ಒಂದು ಇನ್ನೂರು ಪುಟದ ನೋಟ್‌ಬುಕ್‌ನಲ್ಲಿ ಇದೆ. ಆ ನೋಟ್‌ಬುಕ್ ನನ್ನ ಹತ್ತಿರವೇ ಇದೆ.

ಊರಿಗೆ ಮರಳಿದ ಮೇಲೆ ಈ ಹನ್ನೊಂದು ಮಂದಿಯ ಕೆಲಸವನ್ನು ಸ್ಕೌಟ್ ದಾಖಲೆಯಲ್ಲಿ ಸೇರಿಸಬೇಕು ಎಂದು ಹೊರಟೆ. ಸೇರಿಸಲು ಜಾಗವೇ ಇರಲಿಲ್ಲ. ಅವರು ಸ್ಕೌಟ್‌ಗಳಲ್ಲ, ವಯಸ್ಸು ಮೀರಿದೆ. ರೋವರ್‌ಗಳಲ್ಲ, ನೋಂದಣಿಯಾದ ದಳವೇ ಇಲ್ಲ. ದಳ ಇದ್ದಿದ್ದರೆ ಆ ಐದು ದಿನಗಳು ಲಾಗ್ ಬುಕ್‌ಗೆ, ಅಂದರೆ ಚಟುವಟಿಕೆಗಳ ದಾಖಲೆ ಪುಸ್ತಕಕ್ಕೆ, ಹೋಗುತ್ತಿದ್ದವು. ಅದಕ್ಕಿಂತ ಸಾಚಾ ಸಮುದಾಯ ಸೇವೆ ಇನ್ನಾವುದಿದೆ? ಸಂಬಂಧಪಟ್ಟ ಒಬ್ಬರನ್ನು ಕೇಳಿದೆ. ರೋವರ್ ದಳ ಕಾಲೇಜುಗಳಲ್ಲಿ ಮಾತ್ರ ಎಂಬ ಉತ್ತರ ಬಂತು. ಒಂದು ಕಾಲೇಜಿಗೆ ಹೋದೆ. ಎನ್‌ಎಸ್‌ಎಸ್ ಇದೆ, ಎನ್‌ಸಿಸಿ ಇದೆ, ಮೂರನೆಯದು ಯಾಕೆ ಎಂದರು. ಇಬ್ಬರೂ ಸಜ್ಜನರೇ, ಅವರ ಹೆಸರು ಇಲ್ಲಿ ಬೇಡ. ಆದರೆ ಎರಡೂ ಉತ್ತರಗಳು ತಪ್ಪು. ಏಕೆ ತಪ್ಪು ಎನ್ನುವುದನ್ನು ನಾಲ್ಕು ಜನರ ಮುಂದೆ ಹೇಳಬೇಕಾಗಿದೆ.

ಮೊದಲ ಉತ್ತರದಿಂದ ಆರಂಭಿಸುತ್ತೇನೆ. ರೋವರ್ ದಳ ಕಾಲೇಜಿನಲ್ಲಿಯೇ ಇರಬೇಕೆಂಬ ನಿಯಮ ಇಲ್ಲ. ಯಾವ ವಿದ್ಯಾಸಂಸ್ಥೆಗೂ ಸೇರದ ಮುಕ್ತ ದಳಕ್ಕೆ ಅವಕಾಶ ಇದೆ. ಉದಾಹರಣೆ ದೂರ ಹುಡುಕಬೇಕಾಗಿಲ್ಲ. ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್‌ನಲ್ಲಿ ರೈಲ್ವೆ ವಲಯಗಳಿಗೆ ರಾಜ್ಯಗಳ ಸಾಲಿನಲ್ಲೇ ಸ್ಥಾನ ಇದೆ. ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ನೈಋತ್ಯ ರೈಲ್ವೆಯೂ ಅಂಥದೊಂದು ಘಟಕ. ರೈಲ್ವೆ ಕುಟುಂಬಗಳ ಯುವಕರು ಶಾಲೆ ಕಾಲೇಜುಗಳ ಹಂಗಿಲ್ಲದೆ ಅಲ್ಲಿ ರೋವರ್ ಆಗಬಹುದು ಎಂದಾದರೆ, ನೇಕಾರ ಕುಟುಂಬಗಳ ಯುವಕರು ಗುಳೇದಗುಡ್ಡದಲ್ಲಿ ಯಾಕೆ ಆಗಬಾರದು?

ಎನ್‌ಎಸ್‌ಎಸ್ ಬಗ್ಗೆ ನನಗೆ ಗೌರವ ಇದೆ. ಎರಡು ವರ್ಷದಲ್ಲಿ 240 ಗಂಟೆ ಸೇವೆ, ಏಳು ದಿನದ ವಿಶೇಷ ಶಿಬಿರ, ಇವು ಸಣ್ಣ ಮಾತಲ್ಲ. ಆದರೆ ಅದಕ್ಕೆ ಹಾಜರಿ ಪುಸ್ತಕದಲ್ಲಿ ಹೆಸರಿರಬೇಕು. ನನ್ನ ಹನ್ನೊಂದು ಮಂದಿಯಲ್ಲಿ ಕಾಲೇಜಿನ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರು ಇಬ್ಬರು. ಉಳಿದ ಒಂಬತ್ತು ಜನರಿಗೆ ಈ ದೇಶದಲ್ಲಿ ಯಾವ ಸಮವಸ್ತ್ರ ಇದೆ? ಗುಳೇದಗುಡ್ಡದಲ್ಲಿ ಖಣ ನೇಯುವವರು, ಇಳಕಲ್ಲಿನಲ್ಲಿ ಸೀರೆ ನೇಯುವವರು, ಅಲ್ಲಿಯ ಗ್ರಾನೈಟ್ ಕಣಿಗಳಲ್ಲಿ ದುಡಿಯುವವರು, ಮುಧೋಳ, ಜಮಖಂಡಿಯ ಕಬ್ಬಿನ ಗದ್ದೆ, ಸಕ್ಕರೆ ಕಾರ್ಖಾನೆಗಳಲ್ಲಿ ಇರುವವರು, ಗ್ಯಾರೇಜಿನವರು, ಕಿರಾಣಿ ಅಂಗಡಿಯವರು, ಇವರೆಲ್ಲ ಹದಿನೆಂಟಕ್ಕೇ ಗಳಿಕೆಗೆ ನಿಂತವರು. ಇವರ ಕೈಯಲ್ಲಿ ಕಸುಬಿದೆ, ಮೈಯಲ್ಲಿ ಶಕ್ತಿಯಿದೆ, ಒಂದು ಫೋನ್ ಮಾಡಿದರೆ ಬೆಳಗಿನ ಜಾವಕ್ಕೆ ಬಂದು ನಿಲ್ಲುವ ಮನಸ್ಸಿದೆ. ಇವರನ್ನು ‘ಸಾಧನೆ ಮಾಡಿದವರು’ ಎಂದು ವೇದಿಕೆಗೆ ಕರೆಯುವ ವ್ಯವಸ್ಥೆ ಇವರ ಊರಿನಲ್ಲಿ ಇಲ್ಲ.

ನೇಕಾರರ ಮನೆಯ ಹುಡುಗರು ಸ್ಕೌಟ್ ಆಗಿ ಬಂದಾಗ ನಾನು ಕಂಡ ಒಂದು ಸಂಗತಿ ಹೇಳಲೇಬೇಕು. ಗಂಟುಗಳ ಪಾಠದಲ್ಲಿ ಶೀಟ್ ಬೆಂಡ್ ಎಂಬುದೊಂದು ಬರುತ್ತದೆ. ದಪ್ಪ ಹಗ್ಗಕ್ಕೆ ತೆಳು ಹಗ್ಗವನ್ನು ಕೂಡಿಸುವ ಗಂಟು. ಬೇರೆ ಮಕ್ಕಳಿಗೆ ಅದನ್ನು ಕಲಿಸಲು ಎರಡು ಅವಧಿ ಬೇಕಾಗುತ್ತಿತ್ತು. ಮಗ್ಗದ ಮನೆಯ ಒಬ್ಬ ಹುಡುಗ ಒಂದು ದಿನ ನಾನು ಕೊಟ್ಟ ಹಗ್ಗ ಬಿಟ್ಟು ಜೇಬಿನಿಂದ ನೂಲಿನ ಎಳೆ ತೆಗೆದು, ಕಣ್ಣು ಮಿಟುಕಿಸುವಷ್ಟರಲ್ಲಿ ಎರಡು ಎಳೆ ಕೂಡಿಸಿ, “ಸರ್, ಇದು ಮಗ್ಗದ ಹಾಸಿನ ಎಳೆ ಕಡಿದಾಗ ಅವ್ವ ಹಾಕುವ ಗಂಟು” ಎಂದ. ಭೂತಗನ್ನಡಿಯಲ್ಲಿ ನೋಡಿದೆ. ಕಟ್ಟುವ ಬಗೆ ಬೇರೆ, ಗಂಟು ಅದೇ. ಪುಸ್ತಕ ತೆಗೆದು ನೋಡಿದರೆ ನೇಕಾರರ ಗಂಟು ಎಂಬ ಹೆಸರೇ ಅದಕ್ಕೆ ಇದೆ. ಅಂದಿನಿಂದ ಆ ಪಾಠವನ್ನು ಅವನೇ ಮಾಡುತ್ತಿದ್ದ. ಈಗ ಅವನಿಗೆ ಇಪ್ಪತ್ತನಾಲ್ಕು. ಮನೆಯಲ್ಲಿ ಎರಡು ಮಗ್ಗ, ವಯಸ್ಸಾದ ತಂದೆ. ರೋವರ್ ಆಗಲು ಅವನಿಗೆ ಉಳಿದಿರುವುದು ಒಂದೇ ವರ್ಷ.

ಹುಡುಗಿಯರ ವಿಷಯ ಇನ್ನೂ ನೋವಿನದು. ನಮ್ಮ ಶಾಲೆಯ ಗೈಡ್ ಕ್ಯಾಪ್ಟನ್ ಆಗಿದ್ದ ಸಹೋದ್ಯೋಗಿ ಶಿಕ್ಷಕಿಯ ಬಳಿಗೆ, ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ಒಬ್ಬ ಹುಡುಗಿ ಬಂದಿದ್ದಳು. ರಾಜ್ಯ ಪುರಸ್ಕಾರ ಪಡೆದವಳು, ಬಾಗಲಕೋಟೆಯ ಶಿಬಿರದಲ್ಲಿ ತನ್ನ ಪ್ಯಾಟ್ರೋಲ್ ಅನ್ನು, ಅಂದರೆ ಕಿರುತಂಡವನ್ನು, ಮೊದಲ ಸ್ಥಾನಕ್ಕೆ ತಂದವಳು. ಒಗೆದು ಇಸ್ತ್ರಿ ಮಾಡಿ ಮಡಚಿದ ಸ್ಕಾರ್ಫ್ ಅನ್ನು ಮೇಜಿನ ಮೇಲಿಟ್ಟು, “ಟೀಚರ್, ಇದನ್ನು ಯಾರಿಗೆ ಒಪ್ಪಿಸಬೇಕು?” ಎಂದು ಕೇಳಿದಳು. ಅದು ಅವಳದೇ ಸ್ಕಾರ್ಫ್, ಅವಳ ತಂದೆ ದುಡ್ಡು ಕೊಟ್ಟು ಕೊಂಡದ್ದು. ಶಾಲೆ ಮುಗಿಯಿತು ಎಂದರೆ ಅದೂ ಮುಗಿಯಿತು ಎಂದು ಅವಳು ತಿಳಿದಿದ್ದಳು. ನಾನು ಅಲ್ಲೇ ಕುಳಿತಿದ್ದೆ. ನಮ್ಮಿಬ್ಬರಿಗೂ ಏನು ಹೇಳಬೇಕೆಂದು ತೋಚಲಿಲ್ಲ. ಇಟ್ಟುಕೊಳ್ಳಮ್ಮ ಎಂದು ಶಿಕ್ಷಕಿ ಹೇಳಿ ಕಳುಹಿಸಿದರು. ಆ ಹುಡುಗಿ ಈಗ ಮನೆಯಲ್ಲಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಾಳೆ. ರೇಂಜರ್ ತಂಡ ಒಂದಿದ್ದರೆ, ತಿಂಗಳಿಗೆ ಎರಡು ಸಲವಾದರೂ ಅವಳು ಆ ಸ್ಕಾರ್ಫ್ ತೊಟ್ಟು ಹೊರಗೆ ಬರುತ್ತಿದ್ದಳು. ಹತ್ತೊಂಬತ್ತರ ಹೆಣ್ಣುಮಗಳನ್ನು ಶಿಬಿರಕ್ಕೆ ಕಳುಹಿಸಲು ಮನೆಯವರು ಹಿಂಜರಿಯುತ್ತಾರೆ ಎಂಬುದು ನಿಜ. ಅದಕ್ಕೆ ಉತ್ತರ ಮಹಿಳಾ ರೇಂಜರ್ ನಾಯಕಿ. ನಿವೃತ್ತ ಶಿಕ್ಷಕಿಯರು, ಅಂಗನವಾಡಿಯ ಅನುಭವಿ ಕಾರ್ಯಕರ್ತೆಯರು ನಮ್ಮ ಊರಿನಲ್ಲಿಯೇ ಇದ್ದಾರೆ. ಅವರನ್ನು ತರಬೇತಿಗೆ ಕಳುಹಿಸಬೇಕು, ಅಷ್ಟೆ.

ಪ್ರಶಸ್ತಿಯಿಂದ ಏನು ಉಪಯೋಗ ಎಂದು ಕೇಳುವವರಿಗೂ ಉತ್ತರ ಇದೆ. ರೈಲ್ವೆಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಕೋಟಾದ ನೇಮಕಾತಿ ನಡೆಯುತ್ತದೆ. ರಾಷ್ಟ್ರಪತಿ ಪ್ರಶಸ್ತಿ ಪಡೆದ ಸ್ಕೌಟ್, ಗೈಡ್, ರೋವರ್, ರೇಂಜರ್ ಅಥವಾ ಹಿಮಾಲಯ ವುಡ್ ಬ್ಯಾಡ್ಜ್ ಪಡೆದವರು ಅದಕ್ಕೆ ಅರ್ಹರು, ಜೊತೆಗೆ ಕನಿಷ್ಠ ಐದು ವರ್ಷ ಸಕ್ರಿಯ ಸದಸ್ಯರಾಗಿರಬೇಕು. ಹತ್ತನೇ ತರಗತಿಗೆ ಬಿಟ್ಟವರಿಗೆ ಆ ಐದು ವರ್ಷದ ಸಾತತ್ಯ ಎಲ್ಲಿಂದ ಬರಬೇಕು? ಗುಳೇದಗುಡ್ಡ ರೋಡ್ ನಿಲ್ದಾಣದಲ್ಲಿ ನಿತ್ಯ ರೈಲು ನೋಡುವ ನಮ್ಮ ಹುಡುಗರಿಗೆ ಇಂಥದೊಂದು ದಾರಿ ಇರುವುದೇ ತಿಳಿದಿಲ್ಲ. ಸಿಇಟಿಯಲ್ಲಿಯೂ ಸ್ಕೌಟ್ಸ್ ಮತ್ತು ಗೈಡ್ಸ್ ಎಂಬ ವಿಶೇಷ ವರ್ಗ ಇದೆ.

ಆದರೆ ಕೋಟಾದ ಆಸೆಯೊಂದನ್ನೇ ಮುಂದಿಟ್ಟು ದಳ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಪರೀಕ್ಷಾ ಶಿಬಿರಗಳಲ್ಲಿ ಪರೀಕ್ಷಕನಾಗಿ ಕುಳಿತಾಗ ಕಂಡದ್ದು ನನ್ನನ್ನು ಈಗಲೂ ಕಾಡುತ್ತದೆ. ಹತ್ತು ಗಂಟುಗಳನ್ನು ಮೊಳದುದ್ದ ಹಗ್ಗದ ತುಂಡಿನಲ್ಲಿ ಸರಸರನೆ ಹಾಕಿ ತೋರಿಸುವ ಮಕ್ಕಳು ಬರುತ್ತಿದ್ದರು. ಈ ಗಂಟಿನಿಂದ ಎಂದಾದರೂ ಏನನ್ನಾದರೂ ಕಟ್ಟಿದ್ದೀಯಾ ಎಂದರೆ ಸುಮ್ಮನೆ ನಿಲ್ಲುತ್ತಿದ್ದರು. ಒಂದೇ ಶಾಲೆಯ ಎಂಟು ಲಾಗ್ ಬುಕ್‌ಗಳಲ್ಲಿ ಒಂದೇ ದಿನಾಂಕಕ್ಕೆ ಒಂದೇ ಕೆರೆ ಸ್ವಚ್ಛತೆ, ಒಂದೇ ವಾಕ್ಯ ಇದ್ದುದನ್ನೂ ಕಂಡಿದ್ದೇನೆ. ಮಕ್ಕಳ ತಪ್ಪಲ್ಲ ಅದು. ಎರಡು ಮೂರು ವರ್ಷದಲ್ಲಿ, ಪರೀಕ್ಷೆ, ಟ್ಯೂಷನ್‌ಗಳ ನಡುವೆ, ಮೂರು ಸೋಪಾನ ಮುಗಿಸಿ ಪುರಸ್ಕಾರ ಪಡೆಯಲೇಬೇಕು ಎಂದು ಹಿರಿಯರು ಅವಸರ ಮಾಡಿದರೆ ಇನ್ನೇನಾಗುತ್ತದೆ? ರೋವರ್ ವಯಸ್ಸಿನಲ್ಲಿ ಆ ಅವಸರ ಬೇಕಿಲ್ಲ. ಹದಿನೇಳರಲ್ಲಿ ಪ್ರವೇಶ, ಇಪ್ಪತ್ತರಲ್ಲಿ ನಿಪುಣ, ಇಪ್ಪತ್ತಮೂರರಲ್ಲಿ ರಾಷ್ಟ್ರಪತಿ ಪ್ರಶಸ್ತಿಯ ಶಿಬಿರ ಎಂದುಕೊಂಡರೂ ನಡೆಯುತ್ತದೆ. ದುಡಿಯುವ ಹುಡುಗನಿಗೆ ತನ್ನ ಹೆಜ್ಜೆಯಲ್ಲಿ ಏರಲು ಕಾಲ ಇದೆ. ಬ್ರಿಟನ್ನಿನಲ್ಲಿ 1956ರಲ್ಲಿ ಶುರುವಾದ ಡ್ಯೂಕ್ ಆಫ್ ಎಡಿನ್‌ಬರೋ ಪ್ರಶಸ್ತಿಯಲ್ಲಿ ನನಗೆ ಹಿಡಿಸುವುದೂ ಇದೇ. ಅಲ್ಲಿ ಯಾರೂ ಇನ್ನೊಬ್ಬರನ್ನು ಸೋಲಿಸಬೇಕಾಗಿಲ್ಲ. ಸೇವೆ, ಕೌಶಲ, ದೇಹಶ್ರಮ, ಸಾಹಸ ಪಯಣ ಎಂಬ ನಾಲ್ಕು ಭಾಗಗಳಲ್ಲಿ ತಿಂಗಳುಗಟ್ಟಲೆ ತಾನೇ ತೊಡಗಿಸಿಕೊಂಡು ತೋರಿಸಬೇಕು.

ಸಾಹಸಕ್ಕೆ ನಮ್ಮಲ್ಲೇನು ಕಡಿಮೆ? ಬಾದಾಮಿಯ ಕೆಂಪು ಬಂಡೆಗಳನ್ನು ಹತ್ತಲು ದೇಶ ವಿದೇಶದವರು ಬರುತ್ತಾರೆ. ಅಲ್ಲಿ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿಯ ತರಬೇತಿ ನಡೆಯುತ್ತದೆ. ಗುಳೇದಗುಡ್ಡದಿಂದ ಒಂದು ತಾಸಿನೊಳಗಿನ ದಾರಿ. ನಮ್ಮ ಹುಡುಗರಲ್ಲಿ ಆ ಹಗ್ಗ ಮುಟ್ಟಿದವರನ್ನು ನಾನು ಕಂಡಿಲ್ಲ. ಸೇವೆಗೆ ಬನಶಂಕರಿ ಜಾತ್ರೆ ಇದೆ. ಬನದ ಹುಣ್ಣಿಮೆಯ ಆ ಜನಸಾಗರದಲ್ಲಿ ಕೈತಪ್ಪಿದ ಮಕ್ಕಳನ್ನು ತಾಯಂದಿರಿಗೆ ಸೇರಿಸುವ ಕೆಲಸವನ್ನು ನನ್ನ ಚಿಕ್ಕ ಸ್ಕೌಟ್‌ಗಳು ಮಾಡಿದ್ದಾರೆ. ಆದರೆ ರಾತ್ರಿ ಎಂಟರ ನಂತರ ಅವರನ್ನು ಮನೆಗೆ ಕಳುಹಿಸಬೇಕಾಗುತ್ತಿತ್ತು, ಜಾತ್ರೆಯ ಜನ ಹೆಚ್ಚುವುದೇ ಆ ಹೊತ್ತಿಗೆ. ರೋವರ್‌ಗಳಾದರೆ ರಾತ್ರಿಯೆಲ್ಲ ನಿಲ್ಲಬಲ್ಲರು. ಇನ್ನು ವಿದ್ಯುತ್ ಮಗ್ಗದ ಶೆಡ್ಡುಗಳು. ಎಷ್ಟು ಶೆಡ್ಡುಗಳಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇದೆ, ಕರೆಂಟ್ ಹೊಡೆದವನನ್ನು ಮುಟ್ಟುವ ಮೊದಲು ಏನು ಮಾಡಬೇಕೆಂದು ಎಷ್ಟು ಜನರಿಗೆ ಗೊತ್ತಿದೆ? ಶೆಡ್ಡಿನಲ್ಲೇ ದುಡಿಯುವ ಒಬ್ಬ ರೋವರ್ ತನ್ನ ಓಣಿಯ ಎಲ್ಲ ಶೆಡ್ಡುಗಳಿಗೆ ಇದನ್ನು ಕಲಿಸಿದರೆ ಅದಕ್ಕಿಂತ ಒಳ್ಳೆಯ ಸೇವಾ ಯೋಜನೆ ನನಗೆ ಕಾಣುವುದಿಲ್ಲ.

ಸ್ವಯಂಸೇವೆ ಈ ಸೀಮೆಗೆ ಹೊಸದಲ್ಲ. 1923ರಲ್ಲಿ ಹಿಂದೂಸ್ತಾನಿ ಸೇವಾದಳವನ್ನು ಕಟ್ಟಿದ ನಾ. ಸು. ಹರ್ಡೀಕರ್ ನಮ್ಮ ಉತ್ತರ ಕರ್ನಾಟಕದವರೇ. ಆ ದಳದಲ್ಲಿದ್ದವರು ದುಡಿಯುವ ವಯಸ್ಸಿನ ತರುಣರು.

ನನ್ನ ಬೇಡಿಕೆ ಇಷ್ಟು. ಸ್ಕೌಟ್ಸ್ ಮತ್ತು ಗೈಡ್ಸ್‌ನ ಜಿಲ್ಲಾ ಸಂಸ್ಥೆಯವರು ಪ್ರಯೋಗಕ್ಕೆಂದು ಗುಳೇದಗುಡ್ಡದಲ್ಲಿ ಒಂದು ಮುಕ್ತ ರೋವರ್ ದಳ ಮತ್ತು ಒಂದು ರೇಂಜರ್ ತಂಡವನ್ನು ಈ ವರ್ಷವೇ ನೋಂದಾಯಿಸಲಿ. ಕೂಡಲು ಸರ್ಕಾರಿ ಶಾಲೆಯ ಒಂದು ಕೋಣೆಯನ್ನು ಸಂಜೆ ಏಳರ ಮೇಲೆ ಬಿಟ್ಟುಕೊಡಲು ಶಿಕ್ಷಣ ಇಲಾಖೆ ಅನುಮತಿ ನೀಡಲಿ. ಪರೀಕ್ಷಾ ಶಿಬಿರಗಳ ದಿನಾಂಕವನ್ನು ಒಂದು ತಿಂಗಳು ಮೊದಲೇ ತಿಳಿಸಲಿ. ದಿನಗೂಲಿಯವನು ಮಾಲೀಕನ ಹತ್ತಿರ ರಜೆ ಕೇಳಬೇಕು, ಹಿಂದಿನ ವಾರ ಹೆಚ್ಚು ನೇಯ್ದು ಆ ದಿನಗಳ ಗಳಿಕೆ ಹೊಂದಿಸಿಕೊಳ್ಳಬೇಕು. ಮಗ್ಗದ ಮಾಲೀಕರಲ್ಲಿಯೂ ನನ್ನದೊಂದು ವಿನಂತಿ ಇದೆ: ವರ್ಷಕ್ಕೆ ಒಂದು ಶಿಬಿರಕ್ಕಾದರೂ ಕೂಲಿ ಕಡಿಯದೆ ಬಿಡಿ. ಹಾಗೆಯೇ, ಸಂಪಾದಕರೇ, ಹತ್ತನೇ ತರಗತಿಯ ಮಕ್ಕಳ ಚಿತ್ರ ಅಚ್ಚು ಮಾಡುವಾಗ, ಮುಂದೆ ರೋವರ್ ಮತ್ತು ರೇಂಜರ್ ಆಗುವ ದಾರಿಯಿದೆ ಎಂದು ಕೆಳಗೆ ಒಂದು ಸಾಲು ಸೇರಿಸಿದರೆ ಓದಿದ ತಂದೆ ತಾಯಿಯರಿಗೆ ತಿಳಿಯುತ್ತದೆ.

ನನ್ನ ಕೈಯಲ್ಲಿ ಇರುವುದನ್ನು ಹೇಳುತ್ತೇನೆ. ಹದಿನಾಲ್ಕು ಕೋಲು, ಎರಡು ಡೇರೆ, ಮೂರು ಸುತ್ತು ಹಗ್ಗ, ಪ್ರಥಮ ಚಿಕಿತ್ಸೆಯ ಎರಡು ಪೆಟ್ಟಿಗೆ. ನಿವೃತ್ತಿಯ ನಂತರದ ಎಲ್ಲ ಸಂಜೆಗಳು. ಅಗತ್ಯವಾದರೆ ರೋವರ್ ಲೀಡರ್ ತರಬೇತಿಗೆ ಈ ವಯಸ್ಸಿನಲ್ಲಿಯೂ ಹೋಗಿ ಕಲಿತು ಬರುತ್ತೇನೆ. ಹನ್ನೊಂದರಲ್ಲಿ ಐವರಿಗೆ ಈಗಾಗಲೇ 25 ದಾಟಿದೆ. ಅವರಿಗೆ ಆಗಬೇಕಾದ ನ್ಯಾಯ ಆಗಲಿಲ್ಲ, ಅವರು ಅದನ್ನು ಒಂದು ಸಲವೂ ಬಾಯಿಬಿಟ್ಟು ಹೇಳಿಲ್ಲ. ಉಳಿದ ಆರು ಮಂದಿ ಮತ್ತು ಅವರು ಕರೆತಂದ ಏಳು ಹೊಸ ಹುಡುಗರು ಕಳೆದ ಅಮಾವಾಸ್ಯೆಯಂದು, ಮಗ್ಗಕ್ಕೆ ಬಿಡುವಿದ್ದ ದಿನ, ನಮ್ಮ ಮನೆಯ ಪಡಸಾಲೆಯಲ್ಲಿ ಸೇರಿದ್ದರು. ನೋಂದಣಿ ಅರ್ಜಿಗೆ ಹದಿಮೂರು ಸಹಿಗಳಾಗಿವೆ. ಅರ್ಜಿಯ ಜೊತೆಗೆ ಆ ಇನ್ನೂರು ಪುಟದ ನೋಟ್‌ಬುಕ್‌ನ ನೆರಳಚ್ಚು ಪ್ರತಿಯನ್ನೂ ಇಟ್ಟು ಸೋಮವಾರ ಬಾಗಲಕೋಟೆಗೆ ಒಯ್ಯುತ್ತಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪ್ರೌಢಶಾಲಾ ಶಿಕ್ಷಕ
ಗುಳೇದಗುಡ್ಡ, ಬಾಗಲಕೋಟೆ ಜಿಲ್ಲೆ